ಅಕ್ಕೋರ ಕಪಾಟು: ನಮ್ಮದೇ ಕಡಲಿನ ಮೇಲೊಂದು ಮಾಯಾಕಥೆ

ಕಳೆದ ಸಂಚಿಕೆಯಲ್ಲಿ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ, ಅಮೀನಾ ಎಂಬ ಕಡಲುಗಳ್ಳಿಯ ಕಾದಂಬರಿ ಓದುತ್ತಿದ್ದೇನೆ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿನ ಬೆನ್ನು ಹತ್ತಿ ಭಟ್ಕಳದಿಂದ ಶಿರಸಿಯವರೆಗೆ ಪತ್ರಗಳು ಬಂದಿವೆ. ಅದೇ ಹೊತ್ತಿಗೆ ಕುಮಟಾದಿಂದ ಒಬ್ಬ ಹುಡುಗಿ, ಆ ಸಾಲನ್ನು ಓದದೆಯೇ, ಸರಿಯಾಗಿ ಅದೇ ಪುಸ್ತಕ ಉತ್ತರವಾಗಬಲ್ಲ ಪ್ರಶ್ನೆ ಕೇಳಿದ್ದಾಳೆ. ಹಾಗಾಗಿ ಈ ತಿಂಗಳ ಪುಟಗಳನ್ನು ಫ್ಯಾಂಟಸಿ ಓದುಗರಿಗೇ ಕೊಟ್ಟಿದ್ದೇನೆ. ಅಡುಗೆ ಪುಸ್ತಕ, ಜೀವನಚರಿತ್ರೆ ಕೇಳಿದವರು ಮುಂದಿನ ತಿಂಗಳವರೆಗೆ ದಯವಿಟ್ಟು ಕಾಯಬೇಕು.

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಹೈಸ್ಕೂಲಿನಿಂದಲೂ ಇಂಗ್ಲಿಷ್ ಫ್ಯಾಂಟಸಿ ಓದುವ ಹುಚ್ಚು. ಈಚೆಗೆ ಮಾತ್ರ ಯಾವ ಪುಸ್ತಕ ತೆಗೆದರೂ ಅದೇ ಹಿಮ, ಅದೇ ಕೋಟೆ, ಅದೇ ಡ್ರ್ಯಾಗನ್. ಹದಿನೇಳರ ಹುಡುಗಿಗೆ ದಿಢೀರನೆ ಶಕ್ತಿ ಬರುತ್ತದೆ, ಇಬ್ಬರು ರಾಜಕುಮಾರರು ಅವಳ ಹಿಂದೆ ಬೀಳುತ್ತಾರೆ. ನಾಲ್ಕು ಅಧ್ಯಾಯ ಆಗುವಷ್ಟರಲ್ಲಿ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ. ನಮ್ಮಂಥ ಓದುಗರಿಗೆ ಹೊಸ ಲೇಖಕರು ಯಾರಾದರೂ ಇದ್ದಾರೆಯೇ? ದೊಡ್ಡ ಪಟ್ಟಿ ಬೇಡ, ಒಂದು ಹೆಸರು ಸಾಕು.
— ಕುಮಟಾದ ಓದುಗಿ

ಉತ್ತರ: ತಂಗಿ, ಒಂದೇ ಹೆಸರು ಎಂದರೆ ಶಾನನ್ ಚಕ್ರಬರ್ತಿ. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ‘ದಿ ಅಡ್ವೆಂಚರ್ಸ್ ಆಫ್ ಅಮೀನಾ ಅಲ್-ಸಿರಾಫಿ’. 2023ರಲ್ಲಿ ಬಂದ ಕಾದಂಬರಿ. ಮರುವರ್ಷ ಫ್ಯಾಂಟಸಿ, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು, ಪ್ರಶಸ್ತಿ ಬೇರೆ ಕಾದಂಬರಿಗೆ ಹೋಯಿತು. ಹೋದರೆ ಹೋಗಲಿ. ಈಚಿನ ವರ್ಷಗಳಲ್ಲಿ ನಾನು ಓದಿದ ಫ್ಯಾಂಟಸಿಗಳಲ್ಲಿ ಮತ್ತೆ ಮತ್ತೆ ಬೇರೆಯವರ ಕೈಗಿಟ್ಟದ್ದು ಇದನ್ನೇ. ತೆಗೆದುಕೊಂಡು ಹೋದವರು ಓದಿ ಮುಗಿಸಿಯೇ ವಾಪಸು ತಂದಿದ್ದಾರೆ.

ಕಥೆ ನಡೆಯುವುದು ಹನ್ನೆರಡನೇ ಶತಮಾನದಲ್ಲಿ. ನೀನು ಹೆಡ್ ಬಂದರಿನ ಬಂಡೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಯಾವ ನೀರು ಕಾಣುತ್ತದೋ ಅದೇ ನೀರಿನ ಮೇಲೆ. ಆ ನೀರಿನ ಆಚೆ ದಡ ಒಮಾನ್, ಏಡನ್. ಇನ್ನೂ ಕೆಳಗೆ ಹೋದರೆ ಸೊಕೊಟ್ರಾ ದ್ವೀಪ, ಮೊಗದಿಶು. ಹಿಮವಿಲ್ಲ, ತೋಳವಿಲ್ಲ. ಉಪ್ಪುಗಾಳಿ, ಮಳೆಗಾಲಕ್ಕೆ ಮುಚ್ಚುವ ಬಂದರು, ಮೆಣಸು, ಧೂಪ, ಸುಂಕದವರ ಕಾಟ ಎಲ್ಲ ಇದೆ. ನಮ್ಮ ಕಡೆ ಹುಟ್ಟಿದವರಿಗೆ ಇದನ್ನೆಲ್ಲ ಯಾರೂ ವಿವರಿಸಿ ಹೇಳಬೇಕಿಲ್ಲ.

ಅಮೀನಾ ಒಂದು ಕಾಲಕ್ಕೆ ಆ ಕಡಲಿನಲ್ಲಿ ಹೆಸರು ಕೇಳಿದರೆ ನಡುಕ ಹುಟ್ಟಿಸುತ್ತಿದ್ದ ನಾಖುದಾ, ಅಂದರೆ ಹಡಗಿನ ಒಡತಿ. ಈಗ ಅದೆಲ್ಲ ಬಿಟ್ಟು ಸಲಾಲಾದ ಹತ್ತಿರ ಎಲ್ಲೋ ತಾಯಿ ಮತ್ತು ಪುಟ್ಟ ಮಗಳು ಮರ್ಜಾನಾಳ ಜೊತೆ ಯಾರಿಗೂ ಗೊತ್ತಾಗದಂತೆ ಬದುಕುತ್ತಿದ್ದಾಳೆ. ವಯಸ್ಸು ನಡುವಿಗೆ ಬಂದಿದೆ, ಒಂದು ಮೊಣಕಾಲು ಕೈಕೊಟ್ಟಿದೆ. ಅಷ್ಟರಲ್ಲಿ ಶ್ರೀಮಂತ ಮುದುಕಿಯೊಬ್ಬಳು ಅವಳನ್ನು ಹುಡುಕಿಕೊಂಡು ಬರುತ್ತಾಳೆ. ಮುದುಕಿಯ ಮೊಮ್ಮಗಳು ದುನ್ಯಾಳನ್ನು ಫಾಲ್ಕೊ ಎಂಬ ಫ್ರಾಂಕ್, ಅಂದರೆ ಯುರೋಪಿನ ಕಡೆಯವನು, ಎತ್ತಿಕೊಂಡು ಹೋಗಿದ್ದಾನೆ. ಆ ಹುಡುಗಿಯ ತಂದೆ ಹಿಂದೆ ಅಮೀನಾಳ ಹಡಗಿನಲ್ಲಿ ಕೆಲಸಕ್ಕಿದ್ದು ಸತ್ತವನು. ಹುಡುಕಿ ತಂದರೆ ಲೆಕ್ಕವಿಲ್ಲದಷ್ಟು ಹಣ, ಒಲ್ಲೆ ಎಂದರೆ ಇಷ್ಟು ದಿನ ಮುಚ್ಚಿಟ್ಟ ಗುಟ್ಟು ಬಯಲು. ಅಮೀನಾ ಹೊರಡುತ್ತಾಳೆ. ಇದಕ್ಕಿಂತ ಮುಂದಿನದನ್ನು ನಾನು ಹೇಳುವುದಿಲ್ಲ.

ಈ ಪುಸ್ತಕವನ್ನೇ ಏಕೆ ಹೇಳಿದೆ ಎಂದರೆ, ನಿನ್ನ ಪತ್ರದಲ್ಲಿರುವ ಬೇಸರಕ್ಕೆ ನೇರವಾದ ಉತ್ತರ ಇದರಲ್ಲಿದೆ. ಇಲ್ಲಿ ನಾಯಕಿ ಏನೂ ಅರಿಯದ ಹದಿನೇಳರ ಹುಡುಗಿಯಲ್ಲ. ಅವಳು ಆಗಲೇ ಬದುಕಿ, ಗೆದ್ದು, ಪಾಪ ಮಾಡಿ, ಪಶ್ಚಾತ್ತಾಪಪಟ್ಟು ಮುಗಿಸಿದವಳು. ಹಡಗಿನಿಂದ ಹಡಗಿಗೆ ಹಾರುವ ಮೊದಲು ಮೊಣಕಾಲನ್ನು ನೆನೆಯುತ್ತಾಳೆ. ಕತ್ತಿ ಹಿಡಿದಿರುವಾಗಲೇ ಮಗಳು ಮನೆಯಲ್ಲಿ ಏನು ಮಾಡುತ್ತಿರಬಹುದು ಎಂದು ಎದೆ ಹಿಂಡುತ್ತದೆ. ಅದರ ಜೊತೆಗೇ, ಮತ್ತೆ ಹಡಗು ಹತ್ತಿದ್ದರಿಂದ ತನಗೆ ಎಷ್ಟು ಸಂತೋಷವಾಗುತ್ತಿದೆ ಎಂಬುದೂ ಅವಳಿಗೆ ಗೊತ್ತಿದೆ. ತಾಯಿಯಾದವಳು ಹೀಗೆ ಸಂತೋಷಪಡಬಹುದೇ ಎಂಬ ಪ್ರಶ್ನೆ ಪುಸ್ತಕದುದ್ದಕ್ಕೂ ಅವಳನ್ನು ಕಾಡುತ್ತದೆ. ಈ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ಎತ್ತಿಕೊಂಡ ಇನ್ನೊಂದು ಕಡಲುಗಳ್ಳರ ಕಥೆ ನನ್ನ ಓದಿನಲ್ಲಿ ಬಂದಿಲ್ಲ.

ಕಥೆ ಹೇಳುವ ರೀತಿ ನಮಗೆ ಹತ್ತಿರದ್ದು. ಅಮೀನಾ ತನ್ನ ಕಥೆಯನ್ನು ತಾನೇ ಬಾಯಿಬಿಟ್ಟು ಹೇಳುತ್ತಾಳೆ, ಜಮಾಲ್ ಎಂಬ ಬರಹಗಾರ ಬರೆದುಕೊಳ್ಳುತ್ತಾನೆ. ನಮ್ಮ ಯಕ್ಷಗಾನದ ಆಟದಲ್ಲಿ ವೇಷ ರಂಗಕ್ಕೆ ಬಂದಾಗ ಭಾಗವತರು ನಡುನಡುವೆ ಮಾತು ಕೊಟ್ಟು ಪಾತ್ರದ ಬಾಯಿ ಬಿಡಿಸುತ್ತಾರಲ್ಲ, ಜಮಾಲ್‌ನದೂ ಅದೇ ಕೆಲಸ. ಅವನು ತಡೆಯುತ್ತಾನೆ, ಇವಳು ಗದರುತ್ತಾಳೆ, ಮತ್ತೆ ಕಥೆ ಸಾಗುತ್ತದೆ. ಗುಣವಂತೆಯ ಆಟ, ಇಡಗುಂಜಿ ಮೇಳ ನೋಡುತ್ತ ಬೆಳೆದವರಿಗೆ ಈ ಲಯ ಹಿಡಿಯಲು ಎರಡು ಪುಟ ಸಾಕು.

ಅವಳ ಹಡಗಿನ ಹೆಸರು ಮರಾವತಿ. ಜೊತೆಗಾರರೂ ಎಲ್ಲ ಕಡೆಯವರು. ವಿಷ, ಮದ್ದುಪುಡಿಗಳಲ್ಲಿ ಪಳಗಿದ ದಲಿಲಾ, ನಕ್ಷೆ ಬರೆಯುವುದರಲ್ಲಿ ನಿಪುಣನಾಗಿ ಈಗ ಹೆಂಡತಿ ಮಕ್ಕಳ ಜೊತೆ ಇರುವ ಮಜೀದ್, ನಮ್ಮ ದೇಶದವನೇ ಆದ ಟಿನ್ಬು. ಟಿನ್ಬುವಿಗೆ ಒಂದು ಬೆಕ್ಕಿದೆ. ಅದರ ಹೆಸರು ಪಾಯಸಂ. ಇಲಿ ಹಿಡಿಯುವ ಉಪಕಾರವನ್ನೂ ಮಾಡದ ಈ ಬೆಕ್ಕನ್ನು ಟಿನ್ಬು ಎಷ್ಟು ಮುದ್ದು ಮಾಡುತ್ತಾನೆ ಎಂದರೆ, ಹಡಗು ಮುಳುಗುವ ಹೊತ್ತಿನಲ್ಲೂ ನನಗೆ ಮೊದಲು ಬೆಕ್ಕಿನ ಚಿಂತೆಯಾಗುತ್ತಿತ್ತು. ಇಂಥ ಸಣ್ಣ ಸಂಗತಿಗಳ ಮೇಲೆ ಲೇಖಕಿಗಿರುವ ಪ್ರೀತಿಯೇ ದೊಡ್ಡ ಸಂಗತಿಗಳನ್ನೂ ನಂಬುವಂತೆ ಮಾಡುತ್ತದೆ.

ಕೊರತೆಗಳನ್ನೂ ಹೇಳುತ್ತೇನೆ. ಹಳೆಯ ಜೊತೆಗಾರರನ್ನು ಊರೂರಿನಿಂದ ಒಟ್ಟುಗೂಡಿಸುವ ಭಾಗ ಸ್ವಲ್ಪ ಎಳೆದಂತಾಗಿದೆ. ಕೆಲವು ಕಡೆ ಮಾತುಕತೆ ಹನ್ನೆರಡನೇ ಶತಮಾನದ್ದಾಗಿ ಕೇಳದೆ ಇವತ್ತಿನ ಅಮೆರಿಕದವರ ಹರಟೆಯಂತೆ ಕೇಳುತ್ತದೆ. ಖಳನಾದ ಫಾಲ್ಕೊ ನನಗೆ ತೀರಾ ಒಂದೇ ಬಣ್ಣದವನಾಗಿ ಕಂಡ. ಆದರೆ ರಾಕ್ಷ್ ಎಂಬ ಇನ್ನೊಬ್ಬ ಬರುತ್ತಾನೆ. ಮನುಷ್ಯನಲ್ಲ, ಅಮೀನಾಳ ಹಳೆಯ ಗಂಡ. ಅವನು ಬಂದಮೇಲೆ ಆ ಕೊರತೆ ಮರೆತುಹೋಗುತ್ತದೆ.

ಕೋಡಿಬಾಗದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಸಂಜೆ ನಾವು ಕೆಲವರು ಕೂತು ಓದುತ್ತೇವೆ. ಮಳೆಗಾಲದಲ್ಲಿ, ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಮೀನುಗಾರಿಕೆಗೆ ನಿಷೇಧವಿರುವಾಗ, ಬೈತಖೋಲದ ಬೋಟುಗಳು ದಡ ಸೇರಿರುತ್ತವೆ. ಆಗ ನಮ್ಮ ಕೂಟಕ್ಕೆ ಬೋಟು ನಡೆಸುವ ಒಬ್ಬ ಹಿರಿಯ ತಾಂಡೇಲರೂ ಬರುತ್ತಾರೆ. ಇಂಗ್ಲಿಷ್ ಓದಲು ಬಾರದು. ಹಾಗಾಗಿ ನಾನು ಕಡಲಿನ ಅಧ್ಯಾಯಗಳನ್ನು ಅಲ್ಲಲ್ಲೇ ಕನ್ನಡ ಕೊಂಕಣಿ ಮಾಡಿ ಹೇಳುತ್ತೇನೆ. ಏಡನ್ನಿನಿಂದ ಮೊಗದಿಶುವಿಗೆ ಹೊರಡುವ ಕಡೆ ಅವರು ಕೈ ಎತ್ತಿ ನಿಲ್ಲಿಸಿದರು. “ಅಕ್ಕೋರೆ, ಇದು ಯಾವ ತಿಂಗಳು? ತೆಂಕಕ್ಕೆ ಹೋಗುವುದಾದರೆ ಮೂಡಣ ಬಡಗಣ ಗಾಳಿ ಬೇಕು. ದೀಪಾವಳಿ ಕಳೆದಿರಬೇಕು.” ಆಮೇಲೆ ಕಣ್ಣು ಮುಚ್ಚಿ ಕೇಳತೊಡಗಿದರು. ಬೆಟ್ಟದಷ್ಟು ದೊಡ್ಡ ಕಡಲಪ್ರಾಣಿ ಬಂದಾಗ ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಗಾಳಿಯ ದಿಕ್ಕು ಸರಿಯಾಗಿರಬೇಕು, ಅಷ್ಟೇ ಅವರ ಷರತ್ತು. ಒಳ್ಳೆಯ ಫ್ಯಾಂಟಸಿಯಿಂದ ನಾನು ಬಯಸುವುದೂ ಅದನ್ನೇ.

ಪ್ರಶ್ನೆ: ಹೊನ್ನಾವರ ಕಡೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ನೀವು ಹೇಳಿದ ಕಾದಂಬರಿಯಲ್ಲಿ ಎಷ್ಟು ನಿಜ, ಎಷ್ಟು ಕಲ್ಪನೆ? ಆ ಕಾಲದಲ್ಲಿ ನಮ್ಮ ಕಡಲಿನಲ್ಲಿ ನಿಜವಾಗಿಯೂ ಅಂಥ ಓಡಾಟ ಇತ್ತೇ? ಮಕ್ಕಳಿಗೆ ಹೇಳುವಂಥದ್ದೇನಾದರೂ ಇದ್ದರೆ ತಿಳಿಸಿ.
— ಹೊನ್ನಾವರದ ಮಾಸ್ತರು

ಉತ್ತರ: ಮಾಸ್ತರೆ, ಅಮೀನಾ ಲೇಖಕಿಯ ಸೃಷ್ಟಿ. ಕಥೆಯಲ್ಲಿ ಬರುವ ‘ಸಬಾದ ಚಂದ್ರ’ ಎಂಬ ಮುತ್ತೂ ಕಲ್ಪನೆಯೇ. ಅವಳ ಸುತ್ತಲಿನ ಲೋಕ ಮಾತ್ರ ನಿಜ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಉಳಿದ ಓದುಗರಿಗೆ ಬೇಕಾಗುತ್ತದೆ.

ಅಲ್-ಸಿರಾಫಿ ಎಂದರೆ ಸಿರಾಫ್ ಊರಿನವಳು. ಸಿರಾಫ್ ಪರ್ಷಿಯನ್ ಕೊಲ್ಲಿಯ ದಡದಲ್ಲಿ, ಈಗಿನ ಇರಾನಿನಲ್ಲಿದ್ದ ದೊಡ್ಡ ಬಂದರು. ಭಾರತಕ್ಕೂ ಚೀನಾಕ್ಕೂ ಅಲ್ಲಿಂದ ಹಡಗು ಹೊರಡುತ್ತಿದ್ದವು. 977ರಲ್ಲಿ ಭೂಕಂಪವಾಯಿತು. ಆಮೇಲೆ ಊರು ಇಳಿಮುಖವಾಗಿ ವ್ಯಾಪಾರಿಗಳು ಬೇರೆ ಬೇರೆ ಬಂದರುಗಳಿಗೆ ಚದುರಿದರು. ಅಂಥ ಮನೆತನದ ಹೆಸರು ಹೊತ್ತವಳು ಹನ್ನೆರಡನೇ ಶತಮಾನದಲ್ಲಿ ಒಮಾನಿನ ದಡದಲ್ಲಿ ಇರುವುದು ಸಹಜವೇ.

ಅದೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಬದುಕಿದ್ದ ಒಬ್ಬನ ಕಾಗದಪತ್ರಗಳು ಉಳಿದಿವೆ. ಅಬ್ರಹಾಂ ಬೆನ್ ಯಿಜು ಟ್ಯುನಿಸಿಯಾ ಕಡೆಯ ಯಹೂದಿ ವ್ಯಾಪಾರಿ. 1130ರ ದಶಕದಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಮೆಣಸು ಕಳಿಸುತ್ತಿದ್ದ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ಪತ್ರಗಳು ಸಿಕ್ಕಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ, ಹಳೆಯ ಕಾಗದಗಳನ್ನು ತುಂಬಿಡುತ್ತಿದ್ದ ಕೋಣೆಯಲ್ಲಿ. ಅವುಗಳಲ್ಲಿ ಬೊಮ್ಮ ಎಂಬವನ ಹೆಸರು ಬರುತ್ತದೆ. ಅವನು ಬೆನ್ ಯಿಜುವಿನ ಆಳು, ಯಜಮಾನನ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿಬಂದವನು. ನಮ್ಮ ಕಡೆಯ ಬೊಮ್ಮ ಅಮೀನಾಳ ಕಾಲದಲ್ಲಿ ಏಡನ್ನಿನ ಬೀದಿಯಲ್ಲಿ ಓಡಾಡಿದ್ದಾನೆ ಎಂದು ಹೇಳಿದರೆ ನಿಮ್ಮ ಎಂಟನೇ ತರಗತಿಯ ಮಕ್ಕಳು ಖಂಡಿತ ಕಿವಿ ನಿಮಿರಿಸುತ್ತಾರೆ.

ಇನ್ನು ಹಡಗು. ಆ ಕಾಲದಲ್ಲಿ ಅರಬ್ಬೀ ಕಡಲಿನ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು, ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ. ಸಮುದ್ರದ ತಳದಲ್ಲಿ ಅಯಸ್ಕಾಂತದ ಗುಡ್ಡಗಳಿವೆ, ಮೊಳೆ ಹೊಡೆದ ಹಡಗನ್ನು ಅವು ಎಳೆದುಕೊಂಡುಬಿಡುತ್ತವೆ ಎಂಬ ಕಥೆ ನಾವಿಕರಲ್ಲಿತ್ತು. ಅಸಲು ಕಾರಣ ಬೇರೆ ಇರಬೇಕು. ಹೊಲಿದ ಹಡಗು ಅಲೆಗೆ ಸ್ವಲ್ಪ ಬಾಗುತ್ತದೆ, ಮರಳಿನ ಮೇಲೆ ತಂದು ಬಡಿದರೂ ಒಮ್ಮೆಲೇ ಒಡೆಯುವುದಿಲ್ಲ. ಹುರಿ ಹಳತಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ನನ್ನ ಅಜ್ಜ ಮುಂಬೈಗೆ ಹೆಂಚು ಸಾಗಿಸುವ ಮಚವೆಯಲ್ಲಿ, ಅಂದರೆ ಹಾಯಿಹಡಗಿನಲ್ಲಿ, ಕೆಲಸ ಮಾಡಿದವರು. ಮಚವೆಗೆ ಮೊಳೆ ಇರುತ್ತಿತ್ತು. ಆದರೂ ಹಲಗೆಯ ಸಂದಿಗೆ ಹತ್ತಿ ತುರುಕಿ, ಮೀನೆಣ್ಣೆ ಬಳಿಯುವ ಕೆಲಸ ಅವರ ಬೆರಳಿಗೆ ಎಷ್ಟು ಅಂಟಿತ್ತೆಂದರೆ, ಮುದಿವಯಸ್ಸಿನಲ್ಲೂ ಮನೆಯ ಬಾಗಿಲ ಸಂದಿ ಕಂಡರೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಕಡಲುಗಳ್ಳರ ವಿಷಯಕ್ಕೆ ಮಾರ್ಕೊ ಪೋಲೊ ಬರೆದದ್ದನ್ನು ಓದಿ. ಅವನು ಬಂದದ್ದು ಹದಿಮೂರನೇ ಶತಮಾನದ ಕೊನೆಗೆ. ಮಲಬಾರ್ ಮತ್ತು ಗುಜರಾತಿನ ಕಡಲುಗಳ್ಳರು ವರ್ಷವರ್ಷವೂ ನೂರಕ್ಕೂ ಹೆಚ್ಚು ಹಡಗುಗಳಲ್ಲಿ ಹೊರಡುತ್ತಾರೆ, ಹೆಂಡತಿ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ ಎನ್ನುತ್ತಾನೆ. 20-30 ಹಡಗುಗಳು ಐದಾರು ಮೈಲಿಗೊಂದರಂತೆ ಸಾಲುಗಟ್ಟಿ ಸುಮಾರು 100 ಮೈಲಿ ಕಡಲಿಗೆ ಬೇಲಿ ಹಾಕುತ್ತಿದ್ದವಂತೆ. ಯಾರ ಕಣ್ಣಿಗಾದರೂ ವ್ಯಾಪಾರಿ ಹಡಗು ಬಿದ್ದರೆ ಬೆಂಕಿ ಅಥವಾ ಹೊಗೆಯ ಸನ್ನೆ. ಹಡಗಿನ ಮೇಲೆ ತಾಯಂದಿರೂ ಮಕ್ಕಳೂ ಇದ್ದರು ಎಂದಮೇಲೆ, ತಾಯಿಯೊಬ್ಬಳನ್ನು ಹಡಗಿನ ಮುಂದೆ ನಿಲ್ಲಿಸಿದ ಕಾದಂಬರಿ ಕಲ್ಪನೆಯ ದೊಡ್ಡ ಜಿಗಿತವನ್ನೇನೂ ಮಾಡಿಲ್ಲ.

ನಿಮ್ಮೂರಿನದೇ ಎರಡು ಸಂಗತಿಗಳಿವೆ. 1340ರ ದಶಕದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದ. ಅಲ್ಲಿಯ ಹೆಂಗಸರಿಗೆ ಕುರಾನ್ ಬಾಯಿಪಾಠ ಬರುತ್ತದೆ ಎಂದೂ ಬರೆದ. ಇನ್ನೊಬ್ಬ ತಿಮ್ಮೋಜ. ಹೊನ್ನಾವರವನ್ನು ನೆಲೆ ಮಾಡಿಕೊಂಡು ಹಡಗುಪಡೆ ಕಟ್ಟಿದ್ದವನು, 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್‌ಗೆ ಗೋವಾದ ದಾರಿ ತೋರಿಸಿದವನು. ಪೋರ್ಚುಗೀಸರು ಅವನನ್ನು ಕಡಲುಗಳ್ಳ ಎಂದು ಕರೆದರು, ಬೇಕಾದಾಗ ಅವನ ನೆರವನ್ನೂ ಪಡೆದರು. ಇವನ ಮೇಲೆ ಯಾರಾದರೂ ಕನ್ನಡದಲ್ಲಿ ಒಂದು ದೊಡ್ಡ ಮಾಯಾಕಾದಂಬರಿ ಬರೆಯಬೇಕೆಂದು ನನಗೆ ಬಹಳ ಆಸೆ. ಶರಾವತಿಯ ಅಳಿವೆ, ಗೇರುಸೊಪ್ಪೆಯ ಮೆಣಸು, ನೇತ್ರಾಣಿ ಗುಡ್ಡ, ಎಲ್ಲ ಕಣ್ಣೆದುರಿಗೇ ಇವೆ.

ನಾವಿಕರ ಅದ್ಭುತ ಕಥೆಗಳನ್ನು ಕೂಡಿಸಿಡುವ ಪರಂಪರೆಯೂ ಆ ಕಡಲಿನದೇ. ಹತ್ತನೇ ಶತಮಾನದಲ್ಲಿ ‘ಅಜಾಯಿಬ್ ಅಲ್-ಹಿಂದ್’, ಹಿಂದೂದೇಶದ ಅದ್ಭುತಗಳು ಎಂಬ ಅರಬ್ಬಿ ಸಂಗ್ರಹ ಹುಟ್ಟಿತು. ಬುಜುರ್ಗ್ ಇಬ್ನ್ ಶಹರಿಯಾರ್ ಎಂಬ ನಾಖುದಾನ ಹೆಸರಿನಲ್ಲಿದೆ. ದ್ವೀಪವೆಂದು ಇಳಿದರೆ ಅದು ಪ್ರಾಣಿಯ ಬೆನ್ನಾಗಿರುವ ಜಾತಿಯ ಕಥೆಗಳು. ಚಕ್ರಬರ್ತಿ ಕೂತಿರುವುದು ಆ ಸಾಲಿನ ಕೊನೆಯ ಮಣೆಯಲ್ಲಿ.

ಪ್ರಶ್ನೆ: ನಮ್ಮ ನವಾಯತ ಮನೆಗಳಲ್ಲಿ ಜಿನ್‌ಗಳ ಕಥೆ ಕೇಳುತ್ತಲೇ ಬೆಳೆದವರು ನಾವು. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಜಿನ್ ಎಂದರೆ ದೀಪ ಉಜ್ಜಿದರೆ ಬರುವ ಆಳು, ಮುಸ್ಲಿಮರೆಂದರೆ ಒಂದೋ ಖಳರು ಒಂದೋ ಗುಲಾಮರು. ಈ ಲೇಖಕಿಯ ಹೆಸರು ಚಕ್ರಬರ್ತಿ. ಅವರಿಗೆ ನಮ್ಮ ನಂಬಿಕೆಯ ಬಗ್ಗೆ ಎಷ್ಟು ತಿಳಿದಿದೆ? ಮಗಳು ಓದಬೇಕೆನ್ನುತ್ತಾಳೆ, ಅವಳಿಗೆ ಇಪ್ಪತ್ತು ವರ್ಷ.
— ಭಟ್ಕಳದ ತಾಯಿ

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಶಾನನ್ ಚಕ್ರಬರ್ತಿ ಅಮೆರಿಕದ ನ್ಯೂಜೆರ್ಸಿಯವರು, ಹದಿಹರೆಯದಲ್ಲಿ ಇಸ್ಲಾಂ ಸ್ವೀಕರಿಸಿದವರು. ಚಕ್ರಬರ್ತಿ ಎಂಬುದು ಮದುವೆಯಿಂದ ಬಂದ ಹೆಸರು. ಮಧ್ಯಯುಗದ ಇಸ್ಲಾಮೀ ಚರಿತ್ರೆಯ ಮೇಲೆ ಅವರಿಗೆ ಅಪಾರ ಪ್ರೀತಿ. ಆ ಓದು ಪುಟಪುಟದಲ್ಲೂ ಕಾಣುತ್ತದೆ.

ನನಗೆ ಹಿಡಿಸಿದ್ದು ನಂಬಿಕೆ ದಿನನಿತ್ಯದ ಬದುಕಿನೊಳಗೆ ಕೂತಿರುವ ಬಗೆ. ಅಮೀನಾ ನಮಾಜು ಮಾಡುತ್ತಾಳೆ, ತಪ್ಪಿದರೆ ನೊಂದುಕೊಳ್ಳುತ್ತಾಳೆ, ಹಳೆಯ ಪಾಪಗಳ ಲೆಕ್ಕ ದೇವರ ಮುಂದಿದೆ ಎಂದು ನಂಬುತ್ತಾಳೆ. ಇದನ್ನು ಪರದೇಶದವರಿಗೆ ತೋರಿಸುವ ವಸ್ತುಪ್ರದರ್ಶನ ಮಾಡಿಲ್ಲ. ದಲಿಲಾ ಕ್ರೈಸ್ತಳು. ಹಡಗಿನ ಮೇಲೆ ಅವರವರ ದೇವರಿಗೆ ಅವರವರು ಕೈಮುಗಿಯುತ್ತಾರೆ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವವರೂ ಶುಕ್ರವಾರ ಬೋಟು ಕಟ್ಟಿ ಮಸೀದಿಗೆ ಹೋಗುವವರೂ ಒಂದೇ ಧಕ್ಕೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಗೆ ಇದು ವಿಶೇಷವೇನೂ ಅಲ್ಲ. ಇಂಗ್ಲಿಷ್ ಫ್ಯಾಂಟಸಿಗೆ ವಿಶೇಷವೇ.

ಜಿನ್‌ಗಳ ವಿಷಯಕ್ಕೆ ಅವರ ಮೊದಲ ಮೂರು ಪುಸ್ತಕಗಳನ್ನು ನೋಡಬೇಕು. ಅದರ ಬಗ್ಗೆ ಕೊನೆಯ ಪತ್ರದ ಉತ್ತರದಲ್ಲಿ ಬರೆದಿದ್ದೇನೆ. ಅಲ್ಲಿಯ ಜಿನ್‌ಗಳು ಹೊಗೆಯಿಲ್ಲದ ಬೆಂಕಿಯಿಂದ ಹುಟ್ಟಿದವರು, ನೀವು ಕೇಳಿಕೊಂಡು ಬಂದಂತೆಯೇ. ಬರೀ ದೀಪದ ಆಳುಗಳಲ್ಲ, ತಮ್ಮದೇ ರಾಜ್ಯ, ಜಗಳ, ಭಕ್ತಿ ಇರುವವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೀನಾಳ ಹಿಂದಿನ ಬದುಕಿನಲ್ಲಿ ಕುಡಿತವಿದೆ, ಕೊಲೆಯಿದೆ, ಹಲವು ಮದುವೆಗಳಿವೆ. ಅವಳು ಅದನ್ನು ಬಿಚ್ಚುಮಾತಿನಲ್ಲಿ ಹೇಳುತ್ತಾಳೆ. ಇಪ್ಪತ್ತರ ಮಗಳು ಓದಬಹುದು. ನೀವೂ ಓದಿ, ಇಬ್ಬರೂ ಕೂತು ಮಾತಾಡಿ. ಈ ಪುಸ್ತಕದಲ್ಲಿ ತಾಯಿ ಮಗಳ ಮಾತಿಗೆ ಬೇಕಾದಷ್ಟು ಸಾಮಗ್ರಿ ಇದೆ.

ಪ್ರಶ್ನೆ: ಅಕ್ಕೋರೆ, ನನ್ನದು ಕನ್ನಡ ಮಾಧ್ಯಮ. ಅಡಿಕೆ ವ್ಯಾಪಾರದ ಲೆಕ್ಕ ಬರೆಯುವ ಕೆಲಸ. ಇಂಗ್ಲಿಷ್ ಪತ್ರ ಓದುತ್ತೇನೆ, ಕಾದಂಬರಿ ಮಾತ್ರ ಹತ್ತು ಪುಟಕ್ಕೆ ನಿಂತುಹೋಗುತ್ತದೆ. ನನ್ನಂಥವರಿಗೆ ಇದು ಸಾಧ್ಯವೇ?
— ಶಿರಸಿಯ ಓದುಗ

ಉತ್ತರ: ಸಾಧ್ಯ. ಈ ಪುಸ್ತಕ ಬಾಯಿಮಾತಿನ ಧಾಟಿಯಲ್ಲಿರುವುದರಿಂದ ಸಾಮಾನ್ಯ ಇಂಗ್ಲಿಷ್ ಫ್ಯಾಂಟಸಿಗಿಂತ ಸುಲಭ. ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಮನೆಯವರು ಕೇಳಿಸಿಕೊಂಡರೂ ಚಿಂತೆಯಿಲ್ಲ. ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ತೆಗೆಯಬೇಡಿ, ಒಂದೇ ಪದ ಮೂರು ಸಲ ಎದುರಾದರೆ ಮಾತ್ರ ನೋಡಿ. ಹಡಗಿನ ಭಾಗಗಳ ಹೆಸರು ಗೊತ್ತಾಗದಿದ್ದರೂ ಕಥೆ ನಿಲ್ಲುವುದಿಲ್ಲ. ಪಾತ್ರಗಳ ಹೆಸರು ಬಂದಾಗ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ: ಮಜೀದ್, ನಕ್ಷೆ. ದಲಿಲಾ, ವಿಷ. ಅಷ್ಟು ಸಾಕು. ದಿನಕ್ಕೆ ಒಂದು ಅಧ್ಯಾಯ ಎಂದಿಟ್ಟುಕೊಂಡರೆ ಹಿಂದಿನದು ಮರೆಯುವ ಮೊದಲೇ ಮುಂದಿನದು ಬರುತ್ತದೆ. ವಾರಕ್ಕೊಮ್ಮೆ ಓದಿದರೆ ಯಾವ ಭಾಷೆಯ ಕಾದಂಬರಿಯೂ ನಿಂತುಹೋಗುತ್ತದೆ.

ಹಡಗು ಮೊಗದಿಶು ಮುಟ್ಟುವವರೆಗೆ ಹಿಡಿದು ಓದಿ. ಅಲ್ಲಿಂದ ಮುಂದೆ ಪುಸ್ತಕವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ.

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ. ಕಡಲುಗಳ್ಳರು, ರಾಕ್ಷಸರು ಎಂದರೆ ಪ್ರಾಣ. ಕೊಡಬಹುದೇ?
— ಯಲ್ಲಾಪುರದಿಂದ

ಉತ್ತರ: ಈಗ ಬೇಡ. ದೊಡ್ಡವರಿಗಾಗಿ ಬರೆದದ್ದು. ಬೈಗುಳವಿದೆ, ರಕ್ತವಿದೆ, ಗಂಡಹೆಂಡಿರ ಮಾತಿದೆ. ಪಿಯುಸಿಗೆ ಬರಲಿ. ಅಲ್ಲಿಯವರೆಗೆ ಬೊಮ್ಮ ಮತ್ತು ತಿಮ್ಮೋಜನ ಕಥೆ ನೀವೇ ಹೇಳಿ. ಒಮ್ಮೆ ಮಿರ್ಜಾನ ಕೋಟೆಗೂ ಕರೆದುಕೊಂಡು ಹೋಗಿ.

ಪ್ರಶ್ನೆ: ಅಮೀನಾಳನ್ನು ಓದಿ ಮುಗಿಸಿದೆ. ಮುಗಿದದ್ದೇ ಬೇಸರವಾಗಿದೆ. ಇದೇ ಲೇಖಕಿಯ ಬೇರೆ ಪುಸ್ತಕ ಓದಲೇ, ಅಥವಾ ಇಂಥದ್ದೇ ಬೇರೆಯವರದು ಇದೆಯೇ?
— ಅಂಕೋಲೆಯ ಓದುಗ

ಉತ್ತರ: ಎರಡನ್ನೂ ಓದಿ. ಇವರ ಮೊದಲ ಕಾದಂಬರಿ ‘ದಿ ಸಿಟಿ ಆಫ್ ಬ್ರಾಸ್’, 2017ರದು. ಆಗ ಎಸ್. ಎ. ಚಕ್ರಬರ್ತಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಹದಿನೆಂಟನೇ ಶತಮಾನದ ಕೊನೆ, ಫ್ರೆಂಚರು ಕೈರೋದಲ್ಲಿ ಕೂತಿರುವ ಕಾಲ. ನಹ್ರಿ ಎಂಬ ಹುಡುಗಿ ಸಣ್ಣಪುಟ್ಟ ಮೋಸ ಮಾಡಿ ಹೊಟ್ಟೆ ಹೊರೆಯುತ್ತಿರುತ್ತಾಳೆ. ಭೂತ ಬಿಡಿಸುವ ನಾಟಕವಾಡುವಾಗ ಹಾಡಬಾರದ ಭಾಷೆಯಲ್ಲಿ ಹಾಡಿ, ದಾರಾ ಎಂಬ ಯೋಧನನ್ನು ನಿಜವಾಗಿಯೂ ಕರೆಸಿಬಿಡುತ್ತಾಳೆ. ಅವನು ಅವಳನ್ನು ದೇವಾಬಾದ್ ಎಂಬ ಜಿನ್‌ಗಳ ನಗರಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಆರು ಕುಲಗಳು. ಅವುಗಳಲ್ಲಿ ನಮ್ಮ ನೆಲದ ಅಗ್ನಿವಂಶಿಗಳೂ ಇದ್ದಾರೆ. ಅಪ್ಪ ರಾಜ, ಮಗ ಅಲಿ ನ್ಯಾಯನಿಷ್ಠ, ಇಬ್ಬರ ನಡುವೆ ನಗರದ ಬಡವರು. ಅಮೀನಾದ ಹಗುರತನ ಇಲ್ಲಿಲ್ಲ. ಹಳೆಯ ಅನ್ಯಾಯಕ್ಕೆ ಹೊಸ ಅನ್ಯಾಯ ಉತ್ತರವೇ ಎಂಬ ಪ್ರಶ್ನೆಯನ್ನು ಮೂರು ದಪ್ಪ ಪುಸ್ತಕಗಳಲ್ಲಿ ಹಿಡಿದು ಎಳೆದಿದ್ದಾರೆ. ಯಾರೂ ಪೂರ್ತಿ ಸರಿಯಲ್ಲ, ಯಾರ ದುಃಖವೂ ಸುಳ್ಳಲ್ಲ. 2019ರ ಎರಡನೇ ಭಾಗ ‘ದಿ ಕಿಂಗ್‌ಡಮ್ ಆಫ್ ಕಾಪರ್’ ನನಗೆ ಮೂರರಲ್ಲಿ ಅತ್ಯಂತ ಪ್ರಿಯವಾದದ್ದು. ಮೂರನೆಯದು 2020ರ ‘ದಿ ಎಂಪೈರ್ ಆಫ್ ಗೋಲ್ಡ್’. ಹೆಸರುಗಳು ಗೋಜಲಾದರೆ ಮೊದಲ ಪುಸ್ತಕದ ಕೊನೆಯಲ್ಲಿ ಪದಕೋಶವಿದೆ.

ಬೇರೆಯವರಲ್ಲಿ ತಾಶಾ ಸೂರಿ. ಬ್ರಿಟನ್ನಿನವರು, ಪಂಜಾಬಿ ಮೂಲ. ಅವರ ‘ದಿ ಜಾಸ್ಮಿನ್ ಥ್ರೋನ್’ 2021ರಲ್ಲಿ ಬಂದು ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆಯಿತು. ಅಣ್ಣನ ಅಪ್ಪಣೆಯಿಂದ ಪಾಳುಗುಡಿಯಲ್ಲಿ ಸೆರೆಯಾದ ರಾಜಕುಮಾರಿ, ಅಲ್ಲಿ ಕೆಲಸಕ್ಕೆ ಬರುವ ಪ್ರಿಯಾ ಎಂಬ ದಾಸಿ, ಮನುಷ್ಯರ ಮೈಯಲ್ಲಿ ಎಲೆ ಹೂವು ಮೊಳೆಯುವ ಒಂದು ರೋಗ. ನಮ್ಮ ಘಟ್ಟದ ಕಾಡಿನಲ್ಲಿ ಮಳೆಗಾಲ ಕಳೆದವರಿಗೆ ಆ ರೋಗದ ವರ್ಣನೆ ಓದುವಾಗ ಮೈ ಜುಮ್ಮೆನ್ನುತ್ತದೆ.

ಇನ್ನೊಬ್ಬರು ಶ್ರೀಲಂಕಾದ ವಜ್ರ ಚಂದ್ರಶೇಖರ. ‘ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್’ 2023ರದು, ಹ್ಯೂಗೊದಂಥದ್ದೇ ಆದ ನೆಬ್ಯುಲಾ ಪ್ರಶಸ್ತಿ ಪಡೆದದ್ದು. ಸಂತನೆನಿಸಿದ ತಂದೆಯನ್ನು ಕೊಲ್ಲಲೆಂದೇ ತಾಯಿ ಬೆಳೆಸಿದ, ನೆರಳಿಲ್ಲದ ಹುಡುಗನ ಕಥೆ. ಕಷ್ಟದ ಪುಸ್ತಕ, ನಿಧಾನಕ್ಕೆ ಓದಬೇಕು. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಕಾರವಾರ, ಅಂಕೋಲೆಯ ಅಂಗಡಿಗಳಲ್ಲಿ ಇವು ಸಿಗದಿದ್ದರೆ ಹುಬ್ಬಳ್ಳಿ ಕಡೆ ಹೇಳಿಟ್ಟು ತರಿಸಿಕೊಳ್ಳಿ. ದೇವಾಬಾದಿನ ಮೂರೂ ನನ್ನ ಕಪಾಟಿನಲ್ಲಿವೆ. ಮೊದಲನೆಯದನ್ನು ಸದಾಶಿವಗಡದ ಓದುಗರೊಬ್ಬರು ತೆಗೆದುಕೊಂಡು ಹೋಗಿದ್ದಾರೆ, ಮಳೆಗಾಲ ಮುಗಿಯುವುದರೊಳಗೆ ಕೊಡುತ್ತೇನೆಂದಿದ್ದಾರೆ. ಅವರ ನಂತರ ನಿಮ್ಮ ಸರದಿ. ಭಾನುವಾರ ಸಂಜೆ ಬಂದರೆ ಅಮೀನಾಳ ಬಗ್ಗೆ ನಿಮಗನಿಸಿದ್ದನ್ನು ನಮ್ಮ ಕೂಟದಲ್ಲಿ ಹೇಳಬೇಕು. ರಾಕ್ಷ್‌ನ ವಿಷಯದಲ್ಲಿ ಇಲ್ಲಿ ಎರಡು ಪಕ್ಷಗಳಾಗಿವೆ, ನಾನು ಯಾವ ಪಕ್ಷ ಎಂಬುದನ್ನು ನೀವು ಬಂದಮೇಲೆ ಹೇಳುತ್ತೇನೆ.